ಹೊಟ್ಟೆ ಹೊಲದಲ್ಲಿ, ಮನೆ ಪೊಟರೆಯಲ್ಲಿ

ಮಳೆಗಾಲದಲ್ಲಿ ಗುಂಡ್ಲುಪೇಟೆ ದಾಟಿ ಊಟಿಯ ಕಡೆಗೋ ವಯನಾಡಿನ ಕಡೆಗೋ ಹೋಗುವವರು ಸೂರ್ಯಕಾಂತಿ ಹೊಲ ಕಂಡರೆ ಕಾರು ನಿಲ್ಲಿಸುತ್ತಾರೆ, ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ಹೋದ ಕೆಲವು ವಾರಕ್ಕೆ ಅದೇ ಹೊಲಕ್ಕೆ ಇನ್ನೊಂದು ಗುಂಪು ಇಳಿಯುತ್ತದೆ. ಅಷ್ಟರಲ್ಲಿ ಹಳದಿ ದಳ ಬಾಡಿ, ತೆನೆ ತಲೆ ಬಗ್ಗಿಸಿ, ಕಾಳಿನಲ್ಲಿ ಹಾಲು ತುಂಬಿರುತ್ತದೆ. ಗಿಳಿ ತೆನೆಯ ಬೆನ್ನ ಮೇಲೆ ಕೂತು, ತಲೆಕೆಳಗಾಗಿ ಬಾಗಿ, ಅಂಚಿನಿಂದ ಒಂದು ಕಾಳು ಕೀಳುತ್ತದೆ. ಕಾಳು ಮೇಲ್ಕೊಕ್ಕಿನ ಒಳಗಿನ ಗೀರುಗಳಿಗೆ ತಾಗಿ ನಿಲ್ಲುತ್ತದೆ. ದಪ್ಪ ನಾಲಿಗೆ ಅದನ್ನು ಉರುಳಿಸಿ ಹದಕ್ಕೆ ತರುತ್ತದೆ. ಕೆಳಕೊಕ್ಕಿನ ಅಂಚು ಒತ್ತಿದರೆ ಸಿಪ್ಪೆ ಎರಡು ಹೋಳಾಗಿ ಕೆಳಗುದುರುತ್ತದೆ, ತಿರುಳು ಒಳಗೆ ಹೋಗುತ್ತದೆ. ಇಷ್ಟೆಲ್ಲ ಆಗುವುದಕ್ಕೆ ಎರಡು ಮೂರು ಸೆಕೆಂಡು ಸಾಕು. ಮುಂದಿನ ಕಾಳು.

ಹೊಲದ ಒಡೆಯನಿಗೆ ಇದು ಹಾಡಹಗಲ ಕಳ್ಳತನ. ಕಾರಿನವರು ಮತ್ತೆ ಬಂದಿದ್ದರೆ ಅವರಿಗೆ ಇದೂ ಒಂದು ಚಂದದ ಫೋಟೊ. ಗಿಳಿಯ ಬಗ್ಗೆ ನಮ್ಮಲ್ಲಿ ಇರುವುದು ಈ ಎರಡೇ ನೋಟ: ಒಂದು ಬೈಗುಳದ್ದು, ಇನ್ನೊಂದು ಮುದ್ದಿನದು. ಎರಡೂ ಅದು ಏನು ತಿನ್ನುತ್ತದೆ ಎನ್ನುವಲ್ಲಿಗೆ ನಿಂತುಬಿಡುತ್ತವೆ. ಅದು ಎಲ್ಲಿ ಮರಿ ಮಾಡುತ್ತದೆ ಎಂಬ ಪ್ರಶ್ನೆ ಎರಡೂ ಕಡೆಯವರಿಗೆ ಹೊಳೆಯುವುದಿಲ್ಲ. ಈ ಹಕ್ಕಿಯ ಮುಂದಿನ ದಿನಗಳು ತೀರ್ಮಾನವಾಗುವುದು ಮಾತ್ರ ಆ ಎರಡನೇ ಪ್ರಶ್ನೆಯಲ್ಲಿ.

ಹಳ್ಳಿಯಲ್ಲಿ ಬರೀ ಗಿಣಿ ಎಂದು ಕರೆಯುವ ಹಕ್ಕಿಗೆ ಪಕ್ಷಿ ಪುಸ್ತಕಗಳು ಇಟ್ಟ ಹೆಸರು ಕೆಂಪು ಕೊರಳಿನ ಗಿಳಿ. ವಿಜ್ಞಾನದಲ್ಲಿ ಸಿಟಾಕ್ಯುಲಾ ಕ್ರಾಮೆರಿ. ಸುಮಾರು 40 ಸೆಂ.ಮೀ. ಉದ್ದ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ, ಅದು ಮೂಡುವುದಕ್ಕೆ ಮೂರು ವರ್ಷ ಬೇಕು. ಹೆಣ್ಣಿಗೆ ಆ ಪಟ್ಟಿ ಇಲ್ಲ. ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದಂಚಿಗೆ ಸೆನೆಗಲ್‌ನಿಂದ ಪೂರ್ವಕ್ಕೆ ಹಬ್ಬಿದ ಒಣಪಟ್ಟಿ, ಇತ್ತ ಭಾರತ ಉಪಖಂಡ: ಇವೆರಡೂ ಇದರ ಮೂಲ ನೆಲೆ.

ನಕ್ಷೆ ನೋಡಿದರೇ ಒಂದು ತಪ್ಪು ಕಲ್ಪನೆ ಕಳಚುತ್ತದೆ. ಕಾಡಿನ ಗಿಳಿಯನ್ನು ತಂದು ಊರಿನ ಪಂಜರಕ್ಕೆ ಹಾಕಿದರು ಎಂದು ಕಥೆಗಳು ಹೇಳುತ್ತವೆ. ಆದರೆ ದಟ್ಟ ಮಳೆಕಾಡು ಈ ಗಿಳಿಗೆ ಆಗಿಬರುವುದಿಲ್ಲ. ಆಗುಂಬೆ, ಕೊಡಗಿನ ಹಸಿರು ಕಾಡುಗಳಲ್ಲಿ ಕೂಗುತ್ತಾ ಹಾರುವುದು ಇದರ ಬಂಧು, ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ನೀಲಿ ರೆಕ್ಕೆಯ ಗಿಳಿ. ಕೆಂಪು ಕೊರಳಿನದಕ್ಕೆ ಬೇಕಾದದ್ದು ಬಯಲು, ಕುರುಚಲು, ಒಣ ಎಲೆಯುದುರುವ ಕಾಡಿನ ಅಂಚು, ಬೆಳೆ ನಿಂತ ಹೊಲ, ಹೊಲದ ಬದುವಿನಲ್ಲಿ ಒಂದೆರಡು ಮುದಿಮರ. ಅಂದರೆ ಮನುಷ್ಯ ಕಾಡು ಕಡಿದು ಬೇಸಾಯಕ್ಕೆ ಇಳಿದಾಗ ಲಾಭ ಪಡೆದ ಹಕ್ಕಿಗಳ ಸಾಲಿನಲ್ಲಿ ಇದೂ ಇದೆ. ನಾವು ಅದರ ಊರಿಗೆ ಹೋದೆವೋ ಅದು ನಮ್ಮ ಊರಿಗೆ ಬಂದಿತೋ ಎಂದು ಬಿಡಿಸಿ ಹೇಳುವುದು ಕಷ್ಟ.

ಗಿಣಿ ಕಚ್ಚಿದ ಹಣ್ಣು ಸಿಹಿ ಎಂಬ ಮಾತು ಕೇಳದ ಮನೆಯಿಲ್ಲ. ತೋತಾಪುರಿ ಮಾವಿಗೆ ಗಿಣಿಮೂತಿ ಎಂದು ಹೆಸರಿಟ್ಟು, ಹಕ್ಕಿಯನ್ನೂ ಹಣ್ಣನ್ನೂ ಒಂದೇ ಕೊಂಬೆಗೆ ಕಟ್ಟಿಹಾಕಿದವರು ನಾವು. ಸೀಬೆಮರದ ಕೆಳಗೆ ಅರ್ಧ ಗಂಟೆ ನಿಂತರೆ ಈ ನಂಬಿಕೆ ಅಲ್ಲಾಡುತ್ತದೆ. ಗಿಳಿ ಇನ್ನೂ ಹಸಿರಾಗಿರುವ, ಹಲ್ಲು ಊರಲಾರದ ಕಾಯಿಗೇ ಬಾಯಿ ಹಾಕುತ್ತದೆ. ಸಿಪ್ಪೆ, ಮೇಲಿನ ತಿರುಳು ಕಿತ್ತು ಉದುರಿಸಿ, ನಡುವಿನ ಬೀಜದ ಗುಂಪಿಗೆ ಕೊಕ್ಕು ಇಳಿಸುತ್ತದೆ. ಕಾಯಿ ಎಳೆಯದಾಗಿದ್ದಾಗ ಬೀಜವೂ ಮೆತ್ತಗಿರುತ್ತದೆ. ಕೋತಿ, ಬಾವಲಿ, ಕೋಗಿಲೆಗಳು ಹಣ್ಣಾಗಲಿ ಎಂದು ಕಾಯುತ್ತಿರುವಾಗಲೇ ಗಿಳಿ ತನ್ನ ಪಾಲು ಮುಗಿಸಿರುತ್ತದೆ. ಮಾಗಿದ್ದನ್ನು ತಿನ್ನುವುದೇ ಇಲ್ಲವೆಂದಲ್ಲ, ತಿನ್ನುತ್ತದೆ. ಆದರೆ ಅದರ ಕೊಕ್ಕು, ನಾಲಿಗೆ, ದವಡೆ ಎಲ್ಲವೂ ಬೀಜ ಒಡೆಯುವುದಕ್ಕೆ ರೂಪುಗೊಂಡ ಹತ್ಯಾರುಗಳು.

ಈ ವ್ಯತ್ಯಾಸ ಚಿಕ್ಕದಲ್ಲ. ಹಣ್ಣು ತಿನ್ನುವ ಹಕ್ಕಿಗೂ ಮರಕ್ಕೂ ಒಂದು ಒಪ್ಪಂದವಿದೆ: ತಿರುಳು ನಿನಗೆ, ಬೀಜ ದೂರ ಒಯ್ದು ಹಾಕು. ಕುಟ್ರು ಹಕ್ಕಿ, ಪಿಕಳಾರ, ಕೋಗಿಲೆಗಳು ಆ ಒಪ್ಪಂದದಂತೆ ನಡೆದು ಆಲ, ಅತ್ತಿ, ಗಂಧದ ಗಿಡಗಳನ್ನು ಊರೂರಿಗೆ ಹಂಚುತ್ತವೆ. ಗಿಳಿ ಒಪ್ಪಂದ ಮುರಿದು ಬೀಜವನ್ನೇ ಅರೆದು ತಿನ್ನುತ್ತದೆ. ಮೆಣಸಿನಕಾಯಿಯ ವಿಷಯದಲ್ಲಿ ಇದು ಇನ್ನೂ ತಮಾಷೆಯಾಗಿದೆ. ಖಾರ ನಮ್ಮ ಬಾಯಿಗೆ ಉರಿ ಹತ್ತಿಸುವುದು ನರದ ತುದಿಯಲ್ಲಿರುವ ಒಂದು ಪ್ರೋಟೀನಿನಿಂದ. ಅದೇ ಪ್ರೋಟೀನು ಹಕ್ಕಿಗಳಲ್ಲಿಯೂ ಇದೆ, ಆದರೆ ಖಾರಕ್ಕೆ ಅದು ಓಗೊಡುವುದಿಲ್ಲ. ಬೀಜ ಅಗಿದು ಹಾಳುಮಾಡುವ ಸಸ್ತನಿಗಳನ್ನು ಓಡಿಸಿ, ಇಡಿಯಾಗಿ ನುಂಗಿ ದೂರ ಹಾಕುವ ಹಕ್ಕಿಗಳನ್ನು ಕರೆಯಲು ಕಾಡುಮೆಣಸಿನ ಗಿಡ ಮಾಡಿಕೊಂಡ ಏರ್ಪಾಟು ಅದು. ಗಿಳಿ ಅದರಲ್ಲಿ ಸುಂಕ ಕಟ್ಟದೆ ನುಸುಳುತ್ತದೆ. ಖಾರ ತಾಗುವುದೂ ಇಲ್ಲ, ಬೀಜ ಉಳಿಸುವುದೂ ಇಲ್ಲ.

ಅಂದಹಾಗೆ, ಗಿಳಿ ಮತ್ತು ಮೆಣಸಿನಕಾಯಿಯ ಜೋಡಿ ಅನಾದಿ ಕಾಲದ್ದೆಂದು ನಮಗೆ ಅನಿಸುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದು ಇನ್ನೂ 500 ವರ್ಷವಾಗಿದೆಯಷ್ಟೆ. ಸೀಬೆ, ಪರಂಗಿ, ಮೆಕ್ಕೆಜೋಳ, ಸೀಮೆಹುಣಸೆ ಎಲ್ಲವೂ ಅದೇ ಕಡೆಯಿಂದ ಬಂದವು. ಸೂರ್ಯಕಾಂತಿ ನಮ್ಮ ಒಣಬೇಸಾಯದ ಹೊಲಗಳಿಗೆ ಬೆಳೆಯಾಗಿ ಇಳಿದದ್ದು 1970ರ ದಶಕದಿಂದ ಈಚೆಗೆ. ಇಂದು ಕರ್ನಾಟಕದ ಗಿಳಿಯ ಊಟದ ಎಲೆಯ ಮೇಲೆ ಬೀಳುವ ಅರ್ಧ ಪದಾರ್ಥಗಳನ್ನು ಹೊಯ್ಸಳರ ಕಾಲದ ಗಿಳಿ ಕಂಡೇ ಇರಲಿಲ್ಲ. ಅದಕ್ಕೆ ಇದ್ದದ್ದು ಜೋಳ, ಸಜ್ಜೆ, ನವಣೆ, ಬತ್ತ, ಬೇವು, ಅತ್ತಿ, ಮುತ್ತುಗ ಮತ್ತು ಬೂರುಗದ ಹೂವಿನ ಮಕರಂದ. ಹೊಸದನ್ನು ತಿಂದು ನೋಡುವ ಧೈರ್ಯವೇ ಈ ಹಕ್ಕಿಯ ದೊಡ್ಡ ಆಸ್ತಿ. ಚೆನ್ನೈನ ರಾಯಪೇಟೆಯ ಒಂದು ಮನೆಯ ತಾರಸಿಗೆ ಸಾಲು ಹಲಗೆಗಳ ಮೇಲೆ ಸುರಿದ ಅಕ್ಕಿ ತಿನ್ನಲು ಸಂಜೆ ಸಾವಿರಾರು ಗಿಳಿಗಳು ಇಳಿಯುತ್ತಿದ್ದವು. ಅಷ್ಟು ದೊಡ್ಡ ನಗರದ ನಡುವೆ ಅವು ಅನ್ನದ ದಾರಿ ಹುಡುಕಿಕೊಂಡಿದ್ದವು.

ತಿನ್ನುವುದಕ್ಕಿಂತ ಚೆಲ್ಲುವುದು ಹೆಚ್ಚು ಎಂಬುದು ಗಿಳಿಯ ಮೇಲಿನ ಹಳೆಯ ಆರೋಪ. ಪಕ್ಷಿತಜ್ಞ ಸಲೀಂ ಅಲಿ ಅವರೂ ಇದನ್ನು ಬರೆದಿದ್ದಾರೆ. ಆರೋಪ ನಿಜವೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಲವು ದೇಶಗಳ 100ಕ್ಕೂ ಹೆಚ್ಚು ಜಾತಿಯ ಗಿಳಿಗಳನ್ನು ಗಮನಿಸಿ, ಈ ಚಾಳಿ ಇಡೀ ಗಿಳಿ ಕುಲದ್ದೆಂದು ತೋರಿಸಿತು. ಕಾಯಿ ಬಲಿಯದಿದ್ದಾಗ ಚೆಲ್ಲುವುದು ಹೆಚ್ಚು. ಚೆಲ್ಲಿದ್ದು ವ್ಯರ್ಥವಾಗುವುದಿಲ್ಲ ಎಂಬುದು ಅದೇ ಅಧ್ಯಯನದ ಇನ್ನೊಂದು ತಿಳಿವು: ಇರುವೆಯಿಂದ ಹಿಡಿದು ದೊಡ್ಡ ಪ್ರಾಣಿಗಳವರೆಗೆ ಹತ್ತಾರು ಜೀವಿಗಳು ಮರದಡಿ ಬಿದ್ದದ್ದನ್ನು ಆಯ್ದು ತಿನ್ನುತ್ತವೆ, ಉಳಿದ ಬೀಜಗಳನ್ನು ಅತ್ತಿತ್ತ ಒಯ್ಯುತ್ತವೆ. ಕಾಳು ಬೆಳೆದ ರೈತನಿಗೆ ಇದರಿಂದ ಯಾವ ಸಮಾಧಾನವೂ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ವಿಜ್ಞಾನಿಗಳು ಲೆಕ್ಕ ಹಾಕುವುದಕ್ಕೆ ಬಹಳ ಮೊದಲೇ, 7ನೇ ಶತಮಾನದಲ್ಲಿ, ಹರ್ಷನ ಆಸ್ಥಾನದ ಬಾಣಭಟ್ಟ ಇದನ್ನು ಕಂಡಿದ್ದ. ಅವನ ‘ಕಾದಂಬರಿ’ಯನ್ನು ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಅಲ್ಲಿ ಕಥೆ ಹೇಳುವುದೇ ವೈಶಂಪಾಯನನೆಂಬ ಗಿಳಿ. ಪಂಪಾಸರೋವರದ ದಡದ ಮುದಿ ಬೂರುಗದ ಮರ, ಅದರ ಪೊಟರೆಗಳ ತುಂಬ ಗಿಳಿಗಳ ಸಂಸಾರ. ತಾಯಿ ಸತ್ತಿದೆ. ರೆಕ್ಕೆ ಸೋತ ಮುದಿ ತಂದೆಗೆ ದೂರ ಹಾರಲಾಗದು. ಬೇರೆ ಗೂಡುಗಳಿಂದ ಜಾರಿದ ಬತ್ತದ ತೆನೆಯ ಕಾಳುಗಳನ್ನೂ, ಉಳಿದ ಗಿಳಿಗಳು ಕಚ್ಚಿ ಬೀಳಿಸಿದ ಹಣ್ಣಿನ ಚೂರುಗಳನ್ನೂ ಮರದ ಬುಡದಲ್ಲಿ ಆಯ್ದು ತಂದು ಮರಿಗೆ ಗುಟುಕು ಕೊಡುತ್ತದೆ. ಆಮೇಲೆ ಬೇಡನೊಬ್ಬ ಮರವೇರಿ, ಪೊಟರೆಗಳಿಗೆ ಕೈ ಹಾಕಿ, ಹಾರಲಾರದ ಮರಿಗಳನ್ನು ಒಂದೊಂದಾಗಿ ಹಿಡಿದು ಕೊಂದು ಕೆಳಕ್ಕೆಸೆಯುತ್ತಾನೆ. ಕಥೆಗೆ ಅಲಂಕಾರ ಎಷ್ಟೇ ಇರಲಿ, ಇದು ಕಣ್ಣಾರೆ ನೋಡಿದವನ ಬರಹ. ಗಿಳಿಯ ಆಹಾರ, ಅದರ ವಾಸ, ಅದರ ಅಪಾಯ ಮೂರನ್ನೂ ಒಂದೇ ಮರದಲ್ಲಿ ಇಟ್ಟು ನೋಡುವ ಬುದ್ಧಿ ಬಾಣನಿಗಿತ್ತು. ಇವತ್ತಿನ ಚರ್ಚೆಗಳಲ್ಲಿ ಅದೇ ಇಲ್ಲ.

ರೈತನ ನಷ್ಟವನ್ನು ಚಿಕ್ಕದು ಮಾಡಿ ಹೇಳುವ ಪಕ್ಷಿಪ್ರೇಮ ಪೇಟೆಯಲ್ಲಿ ಕೂತವರ ಪ್ರೇಮ. ಒಂದೆಕರೆ ಸಜ್ಜೆಯ ಮೇಲೆ ನೂರು ಗಿಳಿ ಬೆಳಿಗ್ಗೆ ಸಂಜೆ ಇಳಿದರೆ ಆ ಮನೆಯ ವರ್ಷದ ಕಾಳು ಕರಗುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಗಿಳಿ ಈಗ ಹುಟ್ಟಿದ್ದಲ್ಲ, ಜೋಳವೂ ಈಗ ಬೆಳೆದದ್ದಲ್ಲ, ಗೋಳು ಈಗ ಹೆಚ್ಚಿದ್ದು ಏಕೆ?

ಗಿಳಿಗಳ ಸಂಖ್ಯೆ ಏರಿತು ಎಂಬುದು ಥಟ್ಟನೆ ಬರುವ ಉತ್ತರ. ಅದಕ್ಕಿಂತ ಹತ್ತಿರದ ಎರಡು ಕಾರಣಗಳು ಹೊಲದಲ್ಲೇ ಇವೆ. ಒಂದು, ಹಕ್ಕಿ ಕಾಯುವವರು ಇಲ್ಲವಾದರು. ತೆನೆ ಹಾಲುಗಾಳಾದಾಗಿನಿಂದ ಕಟಾವಿನವರೆಗೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಗಡು ಬಡಿದು, ಕೂಗು ಹಾಕಿ ಹಕ್ಕಿ ಎಬ್ಬಿಸುವುದು ಹುಡುಗರ, ಮುದುಕರ ಕೆಲಸವಾಗಿತ್ತು. ತಮಿಳಿನ ಸಂಗಂ ಪದ್ಯಗಳಲ್ಲಿ ನವಣೆ ಹೊಲದ ಗಿಳಿ ಓಡಿಸುವ ಹುಡುಗಿಯರು ಮತ್ತೆ ಮತ್ತೆ ಬರುತ್ತಾರೆ. ಮಕ್ಕಳು ಶಾಲೆಗೆ ಹೋದರು, ಹೋಗಲೇಬೇಕಿತ್ತು. ದೊಡ್ಡವರ ಕೂಲಿ ಏರಿತು, ಅದೂ ನ್ಯಾಯವೇ. ಅಟ್ಟಣೆ ಮಾತ್ರ ಖಾಲಿ ಉಳಿಯಿತು. ಎರಡನೆಯದು, ಜೋಳ ಮತ್ತು ಸೂರ್ಯಕಾಂತಿಯ ಕ್ಷೇತ್ರ ಕರ್ನಾಟಕದಲ್ಲಿ ಕಳೆದ ಎರಡು ದಶಕಗಳಲ್ಲಿ ಬಹಳ ಕುಗ್ಗಿದೆ. ಊರೆಲ್ಲ ಜೋಳ ಹಾಕಿದ್ದಾಗ ಗಿಳಿ ತಿಂದದ್ದು ನೂರು ಹೊಲಕ್ಕೆ ಹಂಚಿಹೋಗುತ್ತಿತ್ತು. ಈಗ ಕಬ್ಬು, ಹತ್ತಿ, ಮೆಕ್ಕೆಜೋಳದ ನಡುವೆ ಒಂಟಿಯಾಗಿ ಜೋಳ ಹಾಕಿದವನ ಹೊಲಕ್ಕೆ ಇಡೀ ಊರಿನ ಗಿಳಿಗಳು ಬೀಗರಂತೆ ಬರುತ್ತವೆ. ಅವನು ಮುಂದಿನ ವರ್ಷ ಜೋಳ ಕೈಬಿಡುತ್ತಾನೆ. ಆಗ ಉಳಿದ ಒಬ್ಬನ ಮೇಲೆ ಭಾರ ಇಮ್ಮಡಿಯಾಗುತ್ತದೆ.

ಹೀಗಿರುವಾಗ ಹಕ್ಕಿಯನ್ನು ಕೊಂದು ಬೆಳೆ ಉಳಿಸುತ್ತೇವೆ ಎನ್ನುವುದು ಲೆಕ್ಕ ತಪ್ಪಿದ ಮಾತು. ಒಂದು ಹಿಂಡು ಹೋದರೆ ಖಾಲಿ ಹೊಲಕ್ಕೆ ಇನ್ನೊಂದು ಇಳಿಯುತ್ತದೆ. ಊರಿನವರು ಒಟ್ಟಿಗೆ ಬಿತ್ತಿದರೆ ತೆನೆ ಒಟ್ಟಿಗೆ ಬಲಿಯುತ್ತದೆ, ನಷ್ಟ ಹಂಚಿಹೋಗುತ್ತದೆ. ತೆನೆಯ ತುಂಬ ಮುಳ್ಳುಕೂದಲಿರುವ ಸಜ್ಜೆ, ಒಗರು ಹೆಚ್ಚಿರುವ ಕೆಂಪು ಜೋಳ, ಪೂರ್ತಿ ನೆಲಕ್ಕೆ ಮುಖ ಮಾಡುವ ಸೂರ್ಯಕಾಂತಿ: ಇವುಗಳಿಗೆ ಹಕ್ಕಿಯ ಕಾಟ ಕಡಿಮೆ. ಒಗರು ಜೋಳದ ರೊಟ್ಟಿ ಬಾಯಿಗೆ ಹತ್ತುವುದಿಲ್ಲ ಎಂಬ ತಕರಾರು ನ್ಯಾಯವಾದದ್ದೇ, ಗಿಳಿಯದೂ ಅದೇ ತಕರಾರು. ಹಳೆಯ ಕ್ಯಾಸೆಟ್ಟಿನ ಟೇಪು ಬಿಚ್ಚಿ ಹೊಲದ ಮೇಲೆ ಎಳೆದು ಕಟ್ಟುವವರಿದ್ದಾರೆ. ಗಾಳಿಗೆ ಅದು ಗುಂಯ್‌ಗುಟ್ಟುತ್ತದೆ, ಬಿಸಿಲಿಗೆ ಮಿಂಚುತ್ತದೆ. ಕೆಲವು ದಿನ ಗಿಳಿ ಹೆದರುತ್ತದೆ. ಆಮೇಲೆ ಅದರ ಮೇಲೇ ಕೂರುತ್ತದೆ. ದಾಳಿಂಬೆ, ದ್ರಾಕ್ಷಿಯಂಥ ಹಣದ ಬೆಳೆಗೆ ಬಲೆ ಹೊದಿಸಲು ಆಗುತ್ತದೆ, ಒಣಬೇಸಾಯದ ಸಜ್ಜೆಗೆ ಆ ಖರ್ಚು ಯಾರು ಮಾಡುತ್ತಾರೆ?

ಊಟದ ಮಾತು ಇಷ್ಟಾಯಿತು. ಈಗ ಮನೆಯ ಮಾತು.

ಗಿಳಿಯ ಕೊಕ್ಕು ಅಷ್ಟು ಬಲವಾದದ್ದಾದರೂ ಗಟ್ಟಿಮರ ಕೊರೆದು ಗೂಡು ಮಾಡುವ ಶಕ್ತಿ ಅದಕ್ಕಿಲ್ಲ. ಹುಲ್ಲುಕಡ್ಡಿ ತಂದು ಕಟ್ಟುವ ವಿದ್ಯೆಯೂ ಇಲ್ಲ. ಅದಕ್ಕೆ ಬೇಕಾದದ್ದು ಬೇರೆಯವರು ಮಾಡಿ ಬಿಟ್ಟ ತೂತು: ಮರಕುಟಿಗ ಅಥವಾ ಕುಟ್ರು ಹಕ್ಕಿ ಕೊರೆದದ್ದು, ಇಲ್ಲವೇ ಕೊಂಬೆ ಮುರಿದ ಜಾಗದಲ್ಲಿ ವರ್ಷಗಟ್ಟಲೆ ಕೊಳೆತು ತಾನಾಗಿ ಆದ ಪೊಟರೆ. ಬಾಯಿ ಚಿಕ್ಕದಿದ್ದರೆ ಕಚ್ಚಿ ಕಚ್ಚಿ ಅಗಲ ಮಾಡಿಕೊಳ್ಳುತ್ತದೆ, ಅಷ್ಟೆ. ಮರ ಸಿಗದ ಕಡೆ ಹಳೆಯ ಕೋಟೆ, ಗುಡಿಗಳ ಗೋಡೆಯ ಬಿರುಕೂ ಆದೀತು. ದಕ್ಷಿಣದಲ್ಲಿ ಸುಮಾರಾಗಿ ಡಿಸೆಂಬರ್–ಜನವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಹಿಂಗಾರಿ ಜೋಳ ಬಲಿತು ಒಕ್ಕಣೆಯಾಗುವ ಹೊತ್ತಿಗೆ, ಹೆಣ್ಣು ಪೊಟರೆಯೊಳಗೆ ಮೂರು ನಾಲ್ಕು ಬಿಳಿ ಮೊಟ್ಟೆ ಇಡುತ್ತದೆ. ಮೂರು ವಾರಕ್ಕಿಂತ ತುಸು ಹೆಚ್ಚು ಕಾವು ಕೊಡಬೇಕು. ಅಷ್ಟು ದಿನ ಗಂಡು ತಂದು ಕಕ್ಕಿದ್ದೇ ಅದಕ್ಕೆ ಊಟ. ಮರಿ ಹಾರಲು ಮತ್ತೆ ಆರೇಳು ವಾರ. ಹೀಗೆ ಎರಡೂವರೆ ತಿಂಗಳು ಒಂದೇ ತೂತನ್ನು ಹಿಡಿದಿಟ್ಟುಕೊಳ್ಳಬೇಕು. ಅದೇ ತೂತಿಗೆ ಗೊರವಂಕ, ಹಾಲಕ್ಕಿ, ಅಳಿಲು ಎಲ್ಲರೂ ಅರ್ಜಿ ಹಾಕಿದವರೇ. ಉಡ, ಹಾವುಗಳ ಭಯ ಬೇರೆ.

ಇಲ್ಲೇ ಎರಡು ಗೆರೆಗಳು ಅಗಲುತ್ತವೆ. ಗಿಳಿಗೆ ಸಿಗುವ ಕಾಳಿನ ಬಗೆಗಳು ಶತಮಾನಗಳಿಂದ ಹೆಚ್ಚುತ್ತಾ ಬಂದಿವೆ. ಪೊಟರೆ ಇರುವ ಮರ ಕಡಿಮೆಯಾಗುತ್ತಾ ಬಂದಿದೆ. ರಸ್ತೆ ಅಗಲವಾದಾಗ ಹೋದ ಆಲ, ಹುಣಸೆ, ಮಾವಿನ ಸಾಲುಗಳ ಬದಲಿಗೆ ಸಸಿ ನೆಟ್ಟೆವು ಎನ್ನುತ್ತಾರೆ. ಸಸಿ ನೆರಳು ಕೊಡಲು ಹತ್ತು ವರ್ಷ ಸಾಕು. ಕೊಂಬೆ ಮುರಿದು, ಅಣಬೆ ಹತ್ತಿ, ಒಳಗೆ ಟೊಳ್ಳಾಗಿ ಗಿಳಿಗೆ ಮನೆಯಾಗಲು ಹಲವು ದಶಕ ಹಿಡಿಯುತ್ತದೆ. ಬದುವಿನಲ್ಲಿ ನೆಟ್ಟ ನೀಲಗಿರಿ, ಸಿಲ್ವರ್ ಓಕ್‌ಗಳನ್ನು ಆ ವಯಸ್ಸಿಗೆ ಮೊದಲೇ ಕಡಿದು ಮಾರುತ್ತಾರೆ. ಪಾರ್ಕುಗಳಲ್ಲಿ ಒಣಕೊಂಬೆ ಕಂಡರೆ ಅಪಾಯವೆಂದು ಗರಗಸ ಬರುತ್ತದೆ. ಕೆಲವು ಸಲ ಅದು ಸರಿಯೂ ಹೌದು, ಮಕ್ಕಳ ತಲೆಯ ಮೇಲೆ ಬೀಳಬಾರದಲ್ಲ. ಆದರೆ ಯಾರೂ ಓಡಾಡದ ಮೂಲೆಯ ಒಣಮರಕ್ಕೂ ಅದೇ ಶಿಕ್ಷೆ.

ಪಂಜರದ ಕಥೆಯೂ ಪೊಟರೆಯಲ್ಲಿಯೇ ಶುರುವಾಗುತ್ತದೆ. ದೊಡ್ಡ ಗಿಳಿಯನ್ನು ಹಿಡಿದರೆ ಅದು ಪಳಗದು, ಮಾತೂ ಕಲಿಯದು. ಹಾಗಾಗಿ ಬೇಕಾದದ್ದು ರೆಕ್ಕೆ ಬಲಿಯದ ಮರಿ. ಬಾಣನ ಬೇಡನಂತೆಯೇ ಮರವೇರಿ ಕೈ ಹಾಕುತ್ತಾರೆ. ಕೈ ಹೋಗದಿದ್ದರೆ ತೂತಿನ ಬಾಯಿ ಕಡಿದು ಅಗಲ ಮಾಡುತ್ತಾರೆ. ಹಾಗೆ ಬಾಯಿ ತೆರೆದ ಪೊಟರೆ ಮಳೆಗೆ, ಹದ್ದಿಗೆ ತೆರೆದುಕೊಂಡು ಮುಂದಿನ ವರ್ಷಗಳಿಗೂ ಕೆಲಸಕ್ಕೆ ಬಾರದಾಗುತ್ತದೆ. ಒಂದು ಮರಿಯ ಬೆಲೆಗೆ ಒಂದು ಮನೆಯೇ ಹೋಗುತ್ತದೆ. ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ 1990–91ರಲ್ಲಿಯೇ ನಿಷೇಧವಾಯಿತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದು, ಈ ಗಿಳಿಯನ್ನು ಎರಡನೇ ಅನುಸೂಚಿಗೆ ಸೇರಿಸಿತು. ಮನೆಯ ಜಗಲಿಯಲ್ಲಿ ಗಿಣಿ ಸಾಕುವುದು ಅಪರಾಧವೆಂದರೆ ಹಲವರು ಇನ್ನೂ ನಗುತ್ತಾರೆ. ಕಾರ್ಡು ಎಳೆಯುವ ಗಿಣಿಶಾಸ್ತ್ರದವನನ್ನು ಹಿಡಿಯುವುದು ಸುಲಭ. ಮೆಣಸಿನಕಾಯಿ, ನೆನೆಸಿದ ಕಡಲೆ ಕೊಟ್ಟು ಪ್ರೀತಿಯಿಂದಲೇ ಸಾಕಿದ ಅಜ್ಜಿಗೆ ಕಾನೂನು ಹೇಳುವುದು ಯಾರಿಗೂ ಬಾಯಿ ಬಾರದ ಕೆಲಸ.

ಪೊಟರೆಯೇ ಮುಖ್ಯ ಎಂಬ ಮಾತಿಗೆ ಅನಿರೀಕ್ಷಿತ ಸಾಕ್ಷಿ ಸಿಗುವುದು ಯೂರೋಪಿನಲ್ಲಿ. ಸಾಕಲೆಂದು ಒಯ್ದ ಗಿಳಿಗಳು ತಪ್ಪಿಸಿಕೊಂಡು, ಕೆಲವು ಕಡೆ ಬೇಕೆಂದೇ ಬಿಡಲ್ಪಟ್ಟು, ಈಗ ಲಂಡನ್, ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ರೋಮ್‌ಗಳಲ್ಲಿ ಹಿಂಡುಹಿಂಡಾಗಿ ಹಾರುತ್ತಿವೆ. ಬ್ರಸೆಲ್ಸ್‌ನಲ್ಲಿ 1974ರಲ್ಲಿ ಒಂದು ಮನರಂಜನಾ ಪಾರ್ಕಿನವರು ನಗರಕ್ಕೆ ಬಣ್ಣ ಬರಲಿ ಎಂದು ಸುಮಾರು 40 ಗಿಳಿಗಳನ್ನು ಹಾರಿಬಿಟ್ಟರು. ಲಂಡನ್ನಿನ ಗಿಳಿಗಳಿಗೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೂಲಪುರುಷನೆಂಬ ದಂತಕಥೆ ಇತ್ತು. 2019ರಲ್ಲಿ ಅಲ್ಲಿನ ಸಂಶೋಧಕರು ಗಿಳಿ ಕಂಡ ಜಾಗಗಳ ನಕ್ಷೆ ಹಾಕಿ ಅದನ್ನು ತಳ್ಳಿಹಾಕಿದರು. ಯೂರೋಪಿನ ಬಹುಪಾಲು ಗಿಳಿಗಳ ಮೂಲ ಪಾಕಿಸ್ತಾನ ಮತ್ತು ಉತ್ತರ ಭಾರತವೆಂದು ಅವುಗಳ ವಂಶವಾಹಿ ಹೇಳುತ್ತದೆ. ಆ ನಗರಗಳಲ್ಲಿ ಜೋಳವಿಲ್ಲ, ಸಜ್ಜೆಯಿಲ್ಲ. ಹಿತ್ತಲಲ್ಲಿ ಜನ ತೂಗುಹಾಕಿದ ಕಡಲೆಕಾಯಿ ಬೀಜದಲ್ಲೂ ಪಾರ್ಕಿನ ಮರಗಳ ಮೊಗ್ಗು, ಬೀಜಗಳಲ್ಲೂ ಚಳಿಗಾಲ ಕಳೆಯುತ್ತವೆ. ಊಟ ಎಲ್ಲಿಯೂ ತಡೆಯಾಗಲಿಲ್ಲ.

ಜಗಳವೆಲ್ಲ ಆದದ್ದು ತೂತಿಗಾಗಿ. ಬೆಲ್ಜಿಯಂನಲ್ಲಿ ಮರದ ಪೊಟರೆಯಲ್ಲೇ ಗೂಡು ಮಾಡುವ ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿಯ ಜಾಗಗಳನ್ನು ಗಿಳಿಗಳು ಕಸಿದವು. ಸ್ಪೇನಿನ ಸೆವಿಲ್ ನಗರದ ಪಾರ್ಕೊಂದರಲ್ಲಿ ಪೊಟರೆಗಳಲ್ಲಿ ಮಲಗುವ, ಯೂರೋಪಿನಲ್ಲೇ ಅಪರೂಪವಾದ ದೊಡ್ಡ ಬಾವಲಿಗಳನ್ನು ಗಿಳಿಗಳು ಕಚ್ಚಿ ಓಡಿಸಿದ್ದು, ಕೊಂದದ್ದು 2018ರಲ್ಲಿ ವರದಿಯಾಯಿತು. ಸೆಷೆಲ್ಸ್ ದ್ವೀಪರಾಷ್ಟ್ರವಂತೂ ತನ್ನದೇ ಕಪ್ಪುಗಿಳಿಯನ್ನು ಉಳಿಸಿಕೊಳ್ಳಲು ಮಾಹೆ ದ್ವೀಪದಲ್ಲಿದ್ದ ಈ ಗಿಳಿಗಳನ್ನು ಹುಡುಕಿ ಹುಡುಕಿ ಪೂರ್ತಿ ತೆಗೆದುಹಾಕಿತು. ತವರಿನಲ್ಲಿ ಮನೆ ಕಳೆದುಕೊಳ್ಳುತ್ತಿರುವ ಹಕ್ಕಿಯೇ ಪರದೇಶದಲ್ಲಿ ಮನೆ ಕಸಿಯುವ ದಾಂಡಿಗ. ಗುಣ ಒಂದೇ, ಊರು ಬೇರೆ.

ಇಷ್ಟೆಲ್ಲ ಕೇಳಿದ ಮೇಲೆ, ಈ ಗಿಳಿಗೇನು ಬರ, ಎಲ್ಲಿ ನೋಡಿದರೂ ಇದೆಯಲ್ಲ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಅಳಿವಿನ ಆತಂಕವಿಲ್ಲದ ಹಕ್ಕಿಗಳ ಸಾಲಿನಲ್ಲೇ ಇದರ ಹೆಸರಿದೆ. ಆದರೆ ಗಿಳಿ ಬಹುಕಾಲ ಬದುಕುವ ಹಕ್ಕಿ. ಮರಿ ಮಾಡಲು ಜಾಗ ಸಿಗದ ಹಿಂಡೂ ವರ್ಷಗಟ್ಟಲೆ ಸಂಜೆ ಆಕಾಶದಲ್ಲಿ ಕೂಗುತ್ತಾ ಹೋಗುತ್ತಿರುತ್ತದೆ, ಕೆಳಗೆ ನಿಂತವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಹಾರುವ ಹಿಂಡು ಎಣಿಸಿದರೆ ಹಕ್ಕಿ ಇಂದು ಎಷ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. ಪೊಟರೆ ಎಣಿಸಿದರೆ ಇನ್ನು ಇಪ್ಪತ್ತು ವರ್ಷದ ಮೇಲೆ ಎಷ್ಟಿರಬಹುದು ಎಂಬುದರ ಅಂದಾಜು ಸಿಗುತ್ತದೆ. ಮರ ಕಡಿಯುವ ಮುಂಚೆ ಸಾಮಾನ್ಯವಾಗಿ ಜಾತಿ, ಸುತ್ತಳತೆ, ನಾಟಾ, ಸೌದೆ ಎಷ್ಟಾದೀತು ಎಂದು ಬರೆದುಕೊಳ್ಳುತ್ತಾರೆ. ಪೊಟರೆ ಇದೆಯೇ, ಅದರಲ್ಲಿ ಈಗ ಮರಿ ಇದೆಯೇ ಎಂಬ ಎರಡು ಕಾಲಂ ಅಲ್ಲಿ ಸೇರಿದರೆ, ಜನವರಿಯಲ್ಲಿ ಬೀಳಬೇಕಾದ ಮರ ಕೊನೆಯಪಕ್ಷ ಮೇ ತಿಂಗಳವರೆಗಾದರೂ ನಿಲ್ಲುತ್ತದೆ. ಖರ್ಚಿಲ್ಲದ ಕೆಲಸ.

ಮಂಡ್ಯ, ತುಮಕೂರಿನ ಕಡೆಯ ತೋಟಗಳಲ್ಲಿ ಸುಳಿ ಸತ್ತು, ಗರಿ ಉದುರಿ, ಬರೀ ಕಂಬವಾಗಿ ನಿಂತ ತೆಂಗಿನ ಮೋಟುಗಳು ಅಲ್ಲಲ್ಲಿ ಕಾಣುತ್ತವೆ. ಕಡಿಸಲು ಕೊಡುವ ಕೂಲಿಗೂ ಬಾಳದೆಂದು ಮಾಲೀಕರು ಹಾಗೇ ಬಿಟ್ಟಿರುತ್ತಾರೆ. ಹೊಂಬಣ್ಣದ ಬೆನ್ನಿನ ಮರಕುಟಿಗ ಅಂಥ ಮೋಟಿನಲ್ಲಿ ಮೇಲಿಂದ ಕೆಳಗೆ ಎರಡು ಮೂರು ತೂತು ಕೊರೆದಿರುತ್ತದೆ. ಫೆಬ್ರವರಿಯ ಒಂದು ಬೆಳಿಗ್ಗೆ ಮೇಲಿನ ತೂತಿನಿಂದ ಹೆಣ್ಣುಗಿಳಿ ಕುತ್ತಿಗೆಯಷ್ಟನ್ನೇ ಹೊರಹಾಕಿ ಸುತ್ತ ನೋಡುತ್ತದೆ. ಗಂಡು ಪಕ್ಕದ ಜೋಳದ ಹೊಲದಿಂದ ಎದ್ದು ಬಂದು, ತೂತಿನ ಕೆಳಗೆ ಉಗುರೂರಿ, ತಲೆ ಮೇಲೆ ಕೆಳಗೆ ಆಡಿಸಿ, ತಿಂದದ್ದನ್ನು ಕಕ್ಕಿ ಅದರ ಕೊಕ್ಕಿಗೆ ಕೊಡುತ್ತದೆ. ಒಂದಡಿ ಕೆಳಗಿನ ತೂತಿನ ಬಾಯಲ್ಲಿ ಗೊರವಂಕವೊಂದು ಬಾಯಿ ತುಂಬ ಹುಲ್ಲು, ಪ್ಲಾಸ್ಟಿಕ್ ದಾರ ಕಚ್ಚಿಕೊಂಡು ಕಾಯುತ್ತಿದೆ.